ನಮಗೂ ನಾಲ್ಕು ಜಾಬ್ ಕೆಡಿಸಲು ಬಿಡಿ: ಬೆಳಗಾವಿಯ ಮಾಲೀಕರಿಗೆ ಒಬ್ಬ ಅಪ್ರೆಂಟಿಸ್ ಬರೆದ ಬಹಿರಂಗ ಪತ್ರ

ಉದ್ಯಮಬಾಗ, ಮಚ್ಛೆ, ಕಾಕತಿ, ಹೊನಗಾ ಕಡೆಯ ವರ್ಕ್‌ಶಾಪ್ ಮಾಲೀಕರಿಗೆ, ಮತ್ತು ಅಪ್ರೆಂಟಿಸ್‌ಗಳನ್ನು ನೋಡಿಕೊಳ್ಳುವ ಇಲಾಖೆಯ ಸಾಹೇಬರಿಗೆ ನಮಸ್ಕಾರ.

ನಾನು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯವನು. ಐಟಿಐನಲ್ಲಿ ಎರಡು ವರ್ಷ ಮಷಿನಿಸ್ಟ್ ಟ್ರೇಡ್ ಮುಗಿಸಿದೆ. ಈಗ ಖಾನಾಪುರ ರಸ್ತೆಯ ಕಡೆ ಒಂದು ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್. ಒಂದು ವರ್ಷದ ಕರಾರಿನಲ್ಲಿ ಇದು ಏಳನೇ ತಿಂಗಳು. ಇನ್ನೂ ಐದು ತಿಂಗಳು ಅಲ್ಲೇ ಇರಬೇಕು, ಅದಕ್ಕೇ ಹೆಸರು ಹಾಕಿಲ್ಲ. ವರ್ಕ್‌ಶಾಪಿನ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿಯವರು ಕೆಟ್ಟವರೇನಲ್ಲ. ಸ್ಟೈಪೆಂಡ್ ಒಂದು ತಿಂಗಳೂ ತಪ್ಪಿಸಿಲ್ಲ. ಎರಡು ಹೊತ್ತು ಚಹಾ ಕೊಡುತ್ತಾರೆ. ನಾನು ಹೇಳುವ ಮಾತು ಒಬ್ಬ ಮಾಲೀಕರ ಬಗ್ಗೆ ಅಲ್ಲ. ಅಂಗೋಳದ ನಮ್ಮ ರೂಮಿನಲ್ಲಿ ನಾವು ನಾಲ್ಕು ಜನ, ನಾಲ್ಕು ಬೇರೆ ಬೇರೆ ಕಡೆ ಅಪ್ರೆಂಟಿಸ್. ರಾತ್ರಿ ಊಟಕ್ಕೆ ಕುಳಿತಾಗ ನಾಲ್ವರದ್ದೂ ಒಂದೇ ಕಥೆ.

ನನ್ನ ಬೇಡಿಕೆ ಸಣ್ಣದು. ನಮಗೆ ಜಾಬ್ ಕೆಡಿಸಲು ಬಿಡಿ. ಜಾಬ್ ಅಂದರೆ ಇಲ್ಲಿ ನೌಕರಿ ಅಲ್ಲ, ಮಷಿನ್ ಮೇಲೆ ಅಳತೆಗೆ ತರುವ ಲೋಹದ ತುಂಡು.

ಓದಿ ಕೆಲವರಿಗೆ ನಗು ಬರಬಹುದು, ಕೆಲವರಿಗೆ ಸಿಟ್ಟು. ರಿಜೆಕ್ಷನ್ ಕಡಿಮೆ ಮಾಡಿ ಅಂತ ಗೋಡೆ ತುಂಬ ಬೋರ್ಡ್ ಹಾಕಿರುವ ಊರಲ್ಲಿ ಇವನು ಕೆಡಿಸಲು ಬಿಡಿ ಅಂತಾನಲ್ಲ ಅಂತ. ಸ್ವಲ್ಪ ಕೇಳಿ.

ಮೊದಲ ದಿನ ಹೋದಾಗ ಹೊಸ ಶೂ ಹಾಕಿಕೊಂಡು, ಐಟಿಐನ ನೀಲಿ ಶರ್ಟ್ ಇಸ್ತ್ರಿ ಮಾಡಿಕೊಂಡು ಹೋಗಿದ್ದೆ. ಜೇಬಿನಲ್ಲಿ ಆರು ಇಂಚಿನ ಸ್ಟೀಲ್ ಸ್ಕೇಲು. ಸೂಪರ್‌ವೈಸರ್ ಒಂದು ಡಿಬರಿಂಗ್ ಬ್ಲೇಡ್ ಕೊಟ್ಟು, ಒಂದು ಟ್ರೇ ತುಂಬ ಜಾಬ್ ಮುಂದಿಟ್ಟರು. ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪನ್ನು ಕೆರೆಯುವುದು. ಸರಿ, ಎಲ್ಲಿಂದಾದರೂ ಶುರುವಾಗಬೇಕಲ್ಲ. ಒಂದು ವಾರ ಅದೇ. ಎರಡನೇ ವಾರ ಚಿಪ್ಸ್, ಅಂದರೆ ಕತ್ತರಿಸುವಾಗ ಉದುರುವ ಲೋಹದ ಚೂರು ತೆಗೆಯುವುದು, ಮಷಿನ್ನಿಗೆ ಕೂಲಂಟ್, ಅಂದರೆ ತಂಪು ಮಾಡುವ ದ್ರವ ತುಂಬುವುದು. ಆಮೇಲೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ತಾನೇ ಕತ್ತರಿಸುವ ಮಷಿನ್ ಮುಂದೆ ನಿಲ್ಲಿಸಿದರು. ಖುಷಿಯಾಯಿತು. ರಾತ್ರಿ ಅವ್ವನಿಗೆ ಫೋನ್ ಮಾಡಿ, "ಇವತ್ತ ದೊಡ್ಡ ಮಷಿನ್ ಕೊಟ್ರು" ಅಂತ ಹೇಳಿದೆ.

ಕೊಟ್ಟದ್ದು ಮಷಿನ್ ಅಲ್ಲ, ಅದರ ಬಾಗಿಲು. ಬಾಗಿಲು ತೆಗೆ, ಮುಗಿದ ಜಾಬ್ ತೆಗೆ, ಏರ್ ಹೊಡೆ, ಹೊಸ ಜಾಬ್ ಹಾಕು, ಬಾಗಿಲು ಮುಚ್ಚು, ಹಸಿರು ಬಟನ್ ಒತ್ತು. ಒಂದು ಜಾಬಿಗೆ 50 ಸೆಕೆಂಡ್. ಒಂದು ಪಾಳಿಗೆ ಐನೂರರ ಹತ್ತಿರ. ಅಳತೆ ತಪ್ಪಿದರೆ ಮಷಿನ್ ಹೊಂದಿಸುವ ಸೆಟ್ಟರ್ ಬರುತ್ತಾನೆ, ಪರದೆಯ ಮೇಲೆ ಏನೋ ನಂಬರ್ ಹಾಕುತ್ತಾನೆ, ಹೋಗುತ್ತಾನೆ. ಏನು ಹಾಕಿದಿರಿ ಅಣ್ಣಾ ಅಂದರೆ, "ನಿನಗ್ಯಾಕ ಅದು, ಕೌಂಟ್ ನೋಡ್ಕೋ" ಅಂತ ಉತ್ತರ. ಅವನದ್ದೂ ತಪ್ಪಲ್ಲ ಬಿಡಿ. ಅವನ ತಲೆಯ ಮೇಲೂ ಕೌಂಟ್ ಇದೆ.

ಮೂರು ತಿಂಗಳು ಹೀಗೇ ಹೋಯಿತು. ಮೂರು ತಿಂಗಳಲ್ಲಿ ಸುಮಾರು ಮೂವತ್ತು ಸಾವಿರ ಸಲ ಹಸಿರು ಬಟನ್ ಒತ್ತಿರಬಹುದು. ಬೆರಳಿಗೆ ಅಭ್ಯಾಸ ಆಯಿತು, ತಲೆಗೆ ಏನೂ ಆಗಲಿಲ್ಲ.

ನಾಲ್ಕನೇ ತಿಂಗಳಲ್ಲಿ ನನ್ನ ಪುಣ್ಯಕ್ಕೆ ಒಬ್ಬ ಕಾಕಾ ಸಿಕ್ಕರು. ಶೆಡ್ಡಿನ ಹಿಂದಿನ ಮೂಲೆಯಲ್ಲಿ ಒಂದು ಹಳೆ ಲೇತ್, ಅಂದರೆ ಜಾಬ್ ತಿರುಗಿಸಿ ಕಡೆಯುವ ಮಷಿನ್ ಇದೆ, ರಿಪೇರಿ ಕೆಲಸಕ್ಕೆ ಇಟ್ಟದ್ದು. ಕಾಕಾ ಅದರ ಯಜಮಾನ. ಮನೆಮಾತು ಮರಾಠಿ, ನಮ್ಮ ಜೊತೆ ಕನ್ನಡ, ಮಷಿನ್ ಜೊತೆ ಎರಡೂ. ಕಿವಿ ಸ್ವಲ್ಪ ಮಂದ. ಆದರೆ ಟೂಲ್ ಸವೆದರೆ ಮೂರು ಮಷಿನ್ ಆಚೆಯಿಂದಲೇ ಅವರಿಗೆ ಕೇಳುತ್ತದೆ. ಒಂದು ಶನಿವಾರ ಪಾಳಿ ಮುಗಿದ ಮೇಲೆ ಅವರೇ ಕರೆದು, "ಏ ತಮ್ಮಾ, ಐಟಿಐ ಮಾಡೀ ಅಂತಲ್ಲ, ಇದನ್ನ 50ಕ್ಕ ತಗೊಂಡ ಬಾ ನೋಡೋಣ" ಅಂತ ಒಂದು ತುಂಡು ಉಕ್ಕಿನ ರಾಡ್ ಕೊಟ್ಟರು. 50 ಎಂಎಂ, ಎಚ್6. ಅಂದರೆ 50ಕ್ಕಿಂತ ದಪ್ಪ ಇರಬಾರದು, 49.984ಕ್ಕಿಂತ ತೆಳ್ಳಗೆ ಇರಬಾರದು. ನಡುವೆ 16 ಮೈಕ್ರಾನ್ ಜಾಗ. ಒಂದು ಮೈಕ್ರಾನ್ ಅಂದರೆ ಎಂಎಂನ ಸಾವಿರದಲ್ಲಿ ಒಂದು ಭಾಗ. ತಲೆಗೂದಲನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದರೆ ಒಂದು ಸೀಳಿನ ದಪ್ಪ ಅಂದುಕೊಳ್ಳಿ.

ಸರ‍್ರನೆ ಕಟ್ ತೆಗೆದೆ. ಮೈಕ್ರೋಮೀಟರ್ ಹಾಕಿದೆ. ಸರಿಯಾಗಿ 50.000. ನಾನು ಎದೆ ಉಬ್ಬಿಸಿಕೊಂಡು ನಿಂತೆ. ಕಾಕಾ ಜಾಬ್ ಮುಟ್ಟಿ ನೋಡಿ, "ಚಹಾ ಕುಡದ ಬರೋಣ ನಡಿ" ಅಂದರು. ಬಂದು ಅಳೆದಾಗ 49.983. ಔಟ್! ಒಂದೇ ಮೈಕ್ರಾನ್‌ಗೆ.

"ಬಿಸಿ ಜಾಬ್ ಅಳದೀಯಲ್ಲೋ ಹುಚ್ಚಪ್ಪಾ. ಕಬ್ಬಿಣ ಅಂದ್ರ ಏನ್ ಕಲ್ಲ ಅಂತ ತಿಳದೀ ಏನ? ಬಿಸಿಲಾಗ ಹಿಗ್ಗತೈತಿ, ನೆರಳಾಗ ಕುಗ್ಗತೈತಿ."

ಲೆಕ್ಕ ಆಮೇಲೆ ನಾನೇ ಮಾಡಿದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 50 ಎಂಎಂ ಜಾಬ್ 30 ಡಿಗ್ರಿ ಬಿಸಿಯಾಗಿದ್ದರೆ 17 ಮೈಕ್ರಾನ್. ಅದಕ್ಕೇ ಜಗತ್ತಿನ ಎಲ್ಲ ಡ್ರಾಯಿಂಗಿನ ಅಳತೆಯೂ 20 ಡಿಗ್ರಿ ಸೆಲ್ಸಿಯಸ್‌ಗೆ ಅಂತ ನಿಯಮ. ಐಟಿಐನಲ್ಲಿ ಇದನ್ನು ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಮಾರ್ಕ್ಸೂ ಬಂದಿತ್ತು. ಆದರೆ ಗೊತ್ತಾದದ್ದು ಆ ಶನಿವಾರ. ಕೆಟ್ಟ ಒಂದು ತುಂಡು ರಾಡ್ ಹೇಳಿಕೊಟ್ಟಿತು. ಆಮೇಲೆ ಇವತ್ತಿನವರೆಗೆ ಬಿಸಿ ಜಾಬಿಗೆ ಮೈಕ್ರೋಮೀಟರ್ ಹಚ್ಚಿಲ್ಲ.

ಆ ಶನಿವಾರದಿಂದ ವಾರಕ್ಕೆ ಒಂದೋ ಎರಡೋ ತಾಸು ಕಾಕಾನ ಲೇತ್ ಮೇಲೆ ನಿಲ್ಲುತ್ತೇನೆ. ಮಾಲೀಕರಿಗೆ ಗೊತ್ತಿದೆ, ನೋಡಿಯೂ ನೋಡದವರ ಹಾಗೆ ಇದ್ದಾರೆ. ಅದು ಅವರ ದೊಡ್ಡತನ. ಕಾಕಾ ಕೊಡುವ ಪಾಠಕ್ಕೆ ಪುಸ್ತಕ ಇಲ್ಲ. ಒಂದು ರಾಡನ್ನು ಹತ್ತು ಮೆಟ್ಟಿಲು ಮಾಡು, ಪ್ರತಿ ಮೆಟ್ಟಿಲು ಅರ್ಧ ಎಂಎಂ ಕಡಿಮೆ, ಎರಡು ಸೆಂಟಿಗಿಂತ ಹೆಚ್ಚು ತಪ್ಪಬಾರದು ಅಂತಾರೆ. ಅವರ ಬಾಯಲ್ಲಿ ಒಂದು ಸೆಂಟು ಅಂದರೆ 0.01 ಎಂಎಂ. ಮೊದಲ ರಾಡಿನಲ್ಲಿ ಹತ್ತರಲ್ಲಿ ಮೂರು ಮೆಟ್ಟಿಲು ಸರಿ ಬಂದವು. ಎರಡನೆಯದರಲ್ಲಿ ಐದು. ಮೂರನೆಯದರಲ್ಲಿ ಮತ್ತೆ ನಾಲ್ಕೇ. ಯಾಕೆ ಅಂದರೆ ಕೊನೆಯ ಕಟ್ ತೀರ ತೆಳ್ಳಗೆ ಇಟ್ಟಿದ್ದೆ. ಟೂಲ್ ಕತ್ತರಿಸದೆ ಸುಮ್ನೆ ಉಜ್ಜಿಕೊಂಡು ಹೋಯಿತು, ಒತ್ತಡಕ್ಕೆ ರಾಡ್ ಸ್ವಲ್ಪ ಬಾಗಿತು. ಇದನ್ನು ಬಟನ್ ಒತ್ತುವವನಿಗೆ ಹೇಳಿಕೊಡುವುದು ಹೇಗೆ? ಟೂಲನ್ನು ಜಾಬಿನ ಕಡೆ ಸರಿಸುವ ಕ್ರಾಸ್ ಸ್ಲೈಡನ್ನು ಕೈಯಿಂದ ತಿರುಗಿಸಿದವನಿಗೆ ಹ್ಯಾಂಡಲ್ಲಿನ ಬಿಗಿಯಲ್ಲೇ ಗೊತ್ತಾಗುತ್ತದೆ.

ಮಾಲೀಕರು ಕೇಳಬಹುದು, ಈಗ ಎಲ್ಲ ಸಿಎನ್‌ಸಿ, ಲೇತ್ ಕಲಿತು ಏನು ಮಾಡ್ತೀಯಪ್ಪಾ ಅಂತ. ನ್ಯಾಯದ ಪ್ರಶ್ನೆ. 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಸರ್ಕಾರವೇ ಹೊಸ ಮಷಿನ್ ತಂದಿಟ್ಟಿದೆ. ಹತ್ತರಗಿಯಲ್ಲಿ ವಿಮಾನದ ಭಾಗ ಮಾಡುವ ಕಾರ್ಖಾನೆಗಳಿಗೆಂದೇ ಎಸ್‌ಇಝಡ್, ಅಂದರೆ ವಿಶೇಷ ಆರ್ಥಿಕ ವಲಯ ಇದೆ. ನಾನೂ ಒಂದು ದಿನ ಅಲ್ಲಿ ಐದು ಆ್ಯಕ್ಸಿಸ್ ಮಷಿನ್ ಮುಂದೆ ನಿಲ್ಲಬೇಕು ಅಂತ ಆಸೆ ಇಟ್ಟುಕೊಂಡವನೇ. ಆದರೆ ಸಿಎನ್‌ಸಿಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಬಾಗಿಲ ಹಿಂದೆ ಇದೆ, ಕೂಲಂಟ್ ಮಂಜಿನ ಹಿಂದೆ ಇದೆ. ಒಳಗಿನ ಸಪ್ಪಳ ಕೇಳಿ ಇನ್ಸರ್ಟ್, ಅಂದರೆ ಟೂಲಿನ ತುದಿಯಲ್ಲಿ ಕತ್ತರಿಸುವ ತುಂಡು, ಹೋಯಿತು ಅಂತ ಹೇಳಬೇಕಾದರೆ, ಒಂದು ಸಲವಾದರೂ ಬಾಗಿಲಿಲ್ಲದ ಮಷಿನ್ನಿನಲ್ಲಿ ಆ ಸಪ್ಪಳದ ಪಕ್ಕ ನಿಂತಿರಬೇಕು. ನನ್ನ ಅನುಭವ ಸಣ್ಣದು, ಆದರೆ ಈ ಮಾತಿನಲ್ಲಿ ನನಗೆ ಸಂಶಯ ಇಲ್ಲ.

ಈಗ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಮುಚ್ಚಿಟ್ಟರೆ ಈ ಪತ್ರಕ್ಕೆ ಅರ್ಥ ಇಲ್ಲ.

ಐದನೇ ತಿಂಗಳು. ಸೆಟ್ಟರ್ ರಜೆ. ಹೈಡ್ರಾಲಿಕ್ ಭಾಗದ ಒಂದು ಶಾಫ್ಟ್, 25 ಎಂಎಂ, ಜಿ6. 24.980ರಿಂದ 24.993ರ ಒಳಗೆ ಬರಬೇಕು. ಇನ್ಸರ್ಟ್ ಸವೆದು 25.012 ಬರುತ್ತಿತ್ತು. 0.025 ಕಡಿಮೆ ಮಾಡಬೇಕು. ಮೂರು ತಿಂಗಳು ದೂರದಿಂದ ನೋಡಿದ್ದೆನಲ್ಲ, ಟೂಲ್ ಎಷ್ಟು ಸರಿಯಬೇಕು ಅಂತ ತಿದ್ದುವ ಆಫ್‌ಸೆಟ್ ಪೇಜನ್ನು ನಾನೇ ತೆಗೆದೆ. ಮೈನಸ್ 0.025 ಹಾಕುವ ಬದಲು ಮೈನಸ್ 0.25 ಹಾಕಿದೆ. ಒಂದು ಸೊನ್ನೆ. ಮುಂದಿನ ಜಾಬ್ 24.762 ಆಗಿ ಹೊರಗೆ ಬಂತು. ಅಳೆದು ನೋಡುವ ಮೊದಲೇ ಇನ್ನೊಂದು ಹಾಕಿ ಬಟನ್ ಒತ್ತಿಬಿಟ್ಟಿದ್ದೆ. ಕೈಗೆ ಅದೇ ಅಭ್ಯಾಸ ಆಗಿತ್ತಲ್ಲ. ಎರಡು ಶಾಫ್ಟ್ ಹೋದವು.

ಶಿಕ್ಷೆ ಅಂತ ಯಾರೂ ಅನ್ನಲಿಲ್ಲ. ಆದರೆ ಮರುದಿನದಿಂದ ನಾನು ಮತ್ತೆ ಡಿಬರಿಂಗ್ ಮೇಜಿಗೆ. ಮೂರು ವಾರ. ಆಫ್‌ಸೆಟ್ ಪೇಜಿಗೆ ಪಾಸ್‌ವರ್ಡ್ ಬಿತ್ತು. ಆಫ್‌ಸೆಟ್ ಹೇಗೆ ಹಾಕಬೇಕು ಅಂತ ಆವತ್ತೂ ಯಾರೂ ಹೇಳಿಕೊಡಲಿಲ್ಲ. ತಪ್ಪು ಮಾಡಿದವನನ್ನು ಮಷಿನ್‌ನಿಂದ ದೂರ ಇಟ್ಟರೆ ತಪ್ಪು ನಿಲ್ಲುತ್ತದೆ, ನಿಜ. ಕಲಿಯುವುದೂ ಅಲ್ಲಿಗೇ ನಿಲ್ಲುತ್ತದೆ. ಕರಾರು ಮುಗಿದ ಮೇಲೆ ನಾನು ಇನ್ನೊಬ್ಬ ಮಾಲೀಕರ ಹತ್ತಿರ ಕೆಲಸಕ್ಕೆ ಹೋಗುತ್ತೇನೆ. ಆ ಸೊನ್ನೆಯನ್ನು ಅವರ ದುಬಾರಿ ಜಾಬಿನ ಮೇಲೆ ತಪ್ಪುತ್ತೇನೆ. ಬೆಳಗಾವಿಯಲ್ಲಿ "ನುರಿತ ಕೆಲಸಗಾರರು ಸಿಗುತ್ತಿಲ್ಲ" ಅಂತ ನೀವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೀರಿ ಅಲ್ವಾ? ಅವರು ಎಲ್ಲಿಂದ ಬರಬೇಕು?

ಒಂದು ತಮಾಷೆ ನೋಡಿ. ಡ್ರಾಯಿಂಗೇ ತಪ್ಪಿಗೆ ಜಾಗ ಬಿಟ್ಟಿರುತ್ತದೆ. ಈ ಶಾಫ್ಟಿಗೆ 13 ಮೈಕ್ರಾನ್, 25 ಎಂಎಂ ಎಚ್7 ರಂಧ್ರಕ್ಕಾದರೆ 21. ಯಾವ ಇಂಜಿನಿಯರೂ ಸರಿಯಾಗಿ 25.000000 ಮಾಡು ಅನ್ನುವುದಿಲ್ಲ, ಅಂದರೆ ಅವನಿಗೇ ನಗುತ್ತಾರೆ. ಅಪ್ರೆಂಟಿಸ್‌ಗೆ ಮಾತ್ರ ಟಾಲರೆನ್ಸ್ ಸೊನ್ನೆ.

ಕಾನೂನಿನ ಮಾತಿಗೆ ಬರುತ್ತೇನೆ. ಇದು ಇಲಾಖೆಯವರಿಗೆ. ಅಪ್ರೆಂಟಿಸ್ ಕಾಯ್ದೆ 1961ರದ್ದು. ಅದರಲ್ಲಿ ಒಂದು ಸಾಲು ಓದಿ ನನಗೆ ಆಶ್ಚರ್ಯ ಆಯಿತು. ಅಪ್ರೆಂಟಿಸ್‌ಗೆ ಪೀಸ್ ಲೆಕ್ಕದಲ್ಲಿ ದುಡ್ಡು ಕೊಡಬಾರದು, ಉತ್ಪಾದನೆ ಬೋನಸ್ ಯೋಜನೆಯಲ್ಲಿ ಸೇರಿಸಬಾರದು ಅಂತ ಇದೆ. ಕಲಿಯುವುದಕ್ಕೆ ಸಂಬಂಧ ಇಲ್ಲದ ಕೆಲಸಕ್ಕೆ ಹಚ್ಚುವುದೂ ತಪ್ಪು. ಅರವತ್ತು ವರ್ಷಕ್ಕೂ ಹಿಂದೆ ಇದನ್ನು ಬರೆದವರಿಗೆ ವರ್ಕ್‌ಶಾಪ್ ಗೊತ್ತಿತ್ತು ಅನ್ನಿಸುತ್ತದೆ. ಕೌಂಟ್ ಹಿಂದೆ ಓಡುವವನು ಕಲಿಯುವುದಿಲ್ಲ ಅಂತ ಅವರಿಗೆ ತಿಳಿದಿತ್ತು. ನನಗೆ ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುತ್ತಿಲ್ಲ, ಅದು ಸರಿ. ಆದರೆ ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ದಿನದ ಟಾರ್ಗೆಟ್ ಇದೆ. ಅದಕ್ಕೆ ಏನನ್ನಬೇಕು?

2019ರಲ್ಲಿ ನಿಯಮ ತಿದ್ದಿದಾಗಿನಿಂದ 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್ ಇಟ್ಟುಕೊಳ್ಳಲೇಬೇಕು, ಒಟ್ಟು ಜನರಲ್ಲಿ ಶೇಕಡಾ 2.5ರಿಂದ 15ರವರೆಗೆ. 4ರಿಂದ 29 ಜನ ಇರುವ ಸಣ್ಣ ಶೆಡ್‌ಗಳಿಗೆ ಅವರ ಇಷ್ಟ. ಐಟಿಐ ಮುಗಿಸಿದವರಿಗೆ ಆ ನಿಯಮ ಹೇಳಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರ ಸರ್ಕಾರ ಹೊರುತ್ತದೆ. ಒಳ್ಳೆಯದೇ. ಆದರೆ ಸಾಹೇಬರೇ, ಈ ಲೆಕ್ಕದಲ್ಲಿ ನನ್ನ ಊಟ, ರೂಮಿನ ಬಾಡಿಗೆ ಇದೆ, ನಾನು ಕೆಡಿಸುವ ಕಬ್ಬಿಣ ಇಲ್ಲ. ಸವೆಯುವ ಇನ್ಸರ್ಟ್ ಇಲ್ಲ. ಮಷಿನ್ ನನ್ನ ಕೈಯಲ್ಲಿ ನಿಧಾನ ಓಡುವ ಎರಡು ತಾಸು ಇಲ್ಲ. ಅದೆಲ್ಲ ಮಾಲೀಕರ ಜೇಬಿನಿಂದ ಹೋಗಬೇಕು. ಹೀಗಾಗಿ ಅವರು ನಮ್ಮನ್ನು ಬಾಗಿಲ ಹತ್ತಿರ ನಿಲ್ಲಿಸುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ.

ಹಾಗಾದರೆ ಖರ್ಚಿಲ್ಲದೆ ಕೆಡಿಸುವುದು ಹೇಗೆ? ಇದಕ್ಕೆ ಬೆಳಗಾವಿಯಂಥ ಊರು ಬೇರೆ ಸಿಗಲಿಕ್ಕಿಲ್ಲ.

ನಮ್ಮ ಊರಲ್ಲಿ ರಸ್ತೆಯ ಈ ಕಡೆ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಫೌಂಡ್ರಿ, ಆ ಕಡೆ ಮಷಿನ್ ಶಾಪ್. ಫೌಂಡ್ರಿಯಲ್ಲಿ ದಿನಾ ಒಂದಷ್ಟು ಕಾಸ್ಟಿಂಗ್, ಅಂದರೆ ಎರಕದ ತುಂಡು ರಿಜೆಕ್ಟ್ ಆಗುತ್ತವೆ. ಒಂದರಲ್ಲಿ ಗಾಳಿ ತೂತು, ಇನ್ನೊಂದರಲ್ಲಿ ಅಚ್ಚು ಸರಿದಿದೆ, ಮತ್ತೊಂದರಲ್ಲಿ ಲೋಹ ಪೂರ್ತಿ ಹರಿದಿಲ್ಲ. ಅವೆಲ್ಲ ಮೂಲೆಯಲ್ಲಿ ಗುಡ್ಡೆ ಬಿದ್ದು ಮತ್ತೆ ಕುಲುಮೆಗೆ ಹೋಗುತ್ತವೆ. ಹೋಗಲಿ. ಆದರೆ ಹೋಗುವ ಮೊದಲು ಒಂದು ವಾರ ನಮ್ಮ ಕೈಗೆ ಬರಲಿ. ನಾವು ಅದನ್ನು ಲೇತಿನಲ್ಲಿ ಜಾಬ್ ಹಿಡಿಯುವ ಚಕ್‌ಗೆ ಕಟ್ಟುತ್ತೇವೆ, ಫೇಸಿಂಗ್ ಮಾಡುತ್ತೇವೆ, ಬೋರ್ ಹೊಡೆಯುತ್ತೇವೆ, ಮಿಲ್ಲಿಂಗಿನಲ್ಲಿ ಚೌಕ ಮಾಡುತ್ತೇವೆ, ಅಳೆಯುತ್ತೇವೆ, ಕೆಡಿಸುತ್ತೇವೆ. ಆಮೇಲೆ ಜಾಬೂ ಚಿಪ್ಸೂ ಎರಡೂ ವಾಪಸ್. ಕಬ್ಬಿಣದಲ್ಲಿ ಹೆಚ್ಚು ನಷ್ಟ ಇಲ್ಲ. ನಮ್ಮ ಅವ್ವ ನನ್ನ ತಂಗಿಗೆ ರೊಟ್ಟಿ ಬಡಿಯಲು ಕಲಿಸಿದ್ದು ಹೀಗೇ. ಹರಿದ ರೊಟ್ಟಿ ಎಮ್ಮೆಯ ಪಾಲಾಗುತ್ತಿತ್ತು. ಹಿಟ್ಟು ಹಾಳಾಯಿತು ಅಂತ ಅವ್ವ ಒಂದು ದಿನವೂ ಅನ್ನಲಿಲ್ಲ, ಎಮ್ಮೆ ಹಾಲು ಕೊಡುತ್ತಿತ್ತಲ್ಲ.

ಈ ಯೋಚನೆಯನ್ನು ಕಾಕಾನ ಮುಂದೆ ಇಟ್ಟೆ. ಅವರು ಬೀಡಿ ಆರಿಸಿ ಎರಡು ತಕರಾರು ತೆಗೆದರು. ಒಂದು, ರಿಜೆಕ್ಟ್ ಕಾಸ್ಟಿಂಗಿನ ಮೈಯಲ್ಲಿ ಮರಳು ಸಿಕ್ಕಿಕೊಂಡಿರುತ್ತದೆ, ಅಲ್ಲಲ್ಲಿ ಗಟ್ಟಿ ಕಲೆ ಇರುತ್ತದೆ, ಟೂಲ್ ಮುರಿಯುತ್ತದೆ. ನಿಜ. ಆದರೆ ಉತ್ಪಾದನೆಯಲ್ಲಿ ಒಂದು ಮೂಲೆ ಸವೆದು ಡಬ್ಬಿಗೆ ಬಿದ್ದ ಇನ್ಸರ್ಟ್‌ಗಳಲ್ಲಿ ಇನ್ನೊಂದು ಮೂಲೆ ಎಷ್ಟೋ ಸಲ ಉಳಿದಿರುತ್ತದೆ, ಅದು ಸಾಕು. ಮೊದಲ ಕಟ್ಟನ್ನು ಮೇಲಿನ ಗಟ್ಟಿ ಪದರದ ಕೆಳಗೆ ಇಳಿಸಬೇಕು, ಮೇಲೆ ಮೇಲೆ ಕೆರೆದರೆ ಟೂಲ್ ಹೋಗುತ್ತದೆ ಅನ್ನುವುದೂ ಒಂದು ಪಾಠವೇ. ಎರಡನೆಯ ತಕರಾರು, ಬೀಡು ಕಬ್ಬಿಣ ಬೇರೆ, ಉಕ್ಕು ಬೇರೆ. ಬೀಡು ಪುಡಿಪುಡಿಯಾಗಿ ಉದುರುತ್ತದೆ, ಸಂಜೆ ಮೂಗು ಸೀನಿದರೆ ಕರ‍್ರಗೆ ಬರುತ್ತದೆ. ಉಕ್ಕು ಸುರುಳಿ ಸುರುಳಿಯಾಗಿ ಬರುತ್ತದೆ, ಕೈ ಹಾಕಿದರೆ ಕೊಯ್ಯುತ್ತದೆ. ಅದನ್ನೂ ಒಪ್ಪಿದೆ. ಉಕ್ಕಿಗೆ ಬಾರ್ ಕತ್ತರಿಸಿ ಉಳಿದ ತುಂಡುಗಳಿವೆ. ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹೋಗುವ ಮಾಲು. ನಾವು ತಿರುಗಿಸಿದ ಮೇಲೂ ಅದೇ ಗುಜರಿಯವನಿಗೆ ಹೋಗುತ್ತದೆ, ತೂಕದಲ್ಲಿ ಸ್ವಲ್ಪ ಚಿಪ್ಸ್ ರೂಪದಲ್ಲಿ.

ಕೈ ಕೊಯ್ಯುವ ಮಾತು ಬಂತು ಅಂತ ಹೇಳುತ್ತೇನೆ. ಹೊಸಬರು ಕಲಿಯುವ ಕಡೆ ಒಬ್ಬ ಹಿರಿಯರು ಪಕ್ಕದಲ್ಲಿ ನಿಂತೇ ಇರಬೇಕು. ನಮ್ಮ ರೂಮಿನ ಹುಡುಗನೊಬ್ಬ ಕೈ ಕೊಳೆಯಾಗುತ್ತದೆ ಅಂತ ಗ್ಲೌಸ್ ಹಾಕಿಕೊಂಡು ಡ್ರಿಲ್ಲಿಂಗ್ ಮಷಿನ್ ಹತ್ತಿರ ಹೋಗಿದ್ದ. ಹಿರಿಯ ಆಪರೇಟರ್ ಓಡಿಬಂದು ಬೈದು ಬಿಚ್ಚಿಸಿದರು. ತಿರುಗುವ ಮಷಿನ್ ಗ್ಲೌಸ್ ಹಿಡಿದರೆ ಬೆರಳನ್ನೂ ಸೇರಿಸಿ ಎಳೆಯುತ್ತದೆ. ಆ ಬೈಗುಳಕ್ಕೆ ಅವನು ಇವತ್ತಿಗೂ ಕೈಮುಗಿಯುತ್ತಾನೆ.

ಸಣ್ಣ ಶೆಡ್‌ನವರು, ನಮ್ಮಲ್ಲಿ ಇರುವುದೇ ಎಂಟು ಜನ, ಎರಡು ಮಷಿನ್, ಹುಡುಗರಿಗೆ ಯಾವುದು ಬಿಡೋಣ ಅನ್ನಬಹುದು. ಅದಕ್ಕೂ ಕಾಯ್ದೆಯಲ್ಲೇ ದಾರಿ ಇದೆ. ಹಲವು ಮಾಲೀಕರು ಕೂಡಿಕೊಂಡು ತಮ್ಮ ಅಪ್ರೆಂಟಿಸ್‌ಗಳಿಗೆ ಒಟ್ಟಿಗೆ ತರಬೇತಿ ಕೊಡಬಹುದು. ಉದ್ಯಮಬಾಗದಲ್ಲಿ ಹತ್ತು ಮಾಲೀಕರು ಸೇರಿದರೆ ಒಂದು ಖಾಲಿ ಶೆಡ್ ಸಿಗುವುದಿಲ್ಲವೇ? ತಾಡಪತ್ರಿ ಹೊದ್ದು ಮಲಗಿರುವ ಹಳೆ ಲೇತ್ ಎರಡು, ಒಂದು ಮಿಲ್ಲಿಂಗ್, ಒಂದು ಸರ್ಫೇಸ್ ಗ್ರೈಂಡರ್ ಸಿಗುವುದಿಲ್ಲವೇ? ಕಲಿಸುವವರೂ ಇದ್ದಾರೆ. ನಿವೃತ್ತಿಯಾಗಿ ಮನೆಯಲ್ಲಿ ಕುಳಿತು, ಬೆಳಿಗ್ಗೆ ಎಂಟಕ್ಕೆ ಸೈರನ್ ಕೇಳಿದರೆ ಈಗಲೂ ಎದ್ದು ನಿಲ್ಲುವ ಕಾಕಾಗಳು ಈ ಊರಿನಲ್ಲಿ ಬೇಕಾದಷ್ಟು. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯಲ್ಲಿ ಓದುವ ನನ್ನ ಗೆಳೆಯನನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಬೆಂಗಳೂರಿನಲ್ಲಿ ಶುರುವಾದ ಆ ಸಂಸ್ಥೆಯ ಕೇಂದ್ರ ಈಗ ನಮ್ಮ ಬೆಳಗಾವಿಯಲ್ಲೂ ಇದೆ. ಅವನು ಮಷಿನ್ ಮೇಲೆ ಕಳೆಯುವ ಹೊತ್ತನ್ನು ಕೇಳಿದರೆ, ನಾನು ಬಟನ್ ಒತ್ತಿದ ಮೂರು ತಿಂಗಳು ನೆನಪಾಗುತ್ತದೆ.

ಲಾಗ್‌ಬುಕ್ ಬಗ್ಗೆಯೂ ಒಂದು ಮಾತು. ನಾವು ಏನು ಕಲಿತೆವು ಅಂತ ಅದರಲ್ಲಿ ಬರೆಯಬೇಕು. ನಮ್ಮ ರೂಮಿನಲ್ಲಿ ನಾಲ್ವರ ಲಾಗ್‌ಬುಕ್ ಒಂದೇ ಅಕ್ಷರದಲ್ಲಿದೆ, ಯಾಕಂದರೆ ಭಾನುವಾರ ಒಬ್ಬನೇ ಕುಳಿತು ನಾಲ್ವರದ್ದೂ ಬರೆಯುತ್ತಾನೆ. "ಮಿಲ್ಲಿಂಗ್ ಅಭ್ಯಾಸ ಮಾಡಿದೆ" ಅಂತ. ಮಿಲ್ಲಿಂಗ್ ಮಷಿನ್ ಮುಟ್ಟಿಲ್ಲದವನ ಪುಸ್ತಕದಲ್ಲೂ ಅದೇ ಇದೆ. ತಪ್ಪು ನಮ್ಮದೂ ಹೌದು. ಇಲಾಖೆಯವರು ಬಂದಾಗ ದಯವಿಟ್ಟು ಲಾಗ್‌ಬುಕ್ ಓದಬೇಡಿ. ಕೆಟ್ಟ ಜಾಬ್ ಇಟ್ಟ ಕಪಾಟು ಎಲ್ಲಿದೆ ಅಂತ ಕೇಳಿ. ಒಂದೊಂದು ಜಾಬಿಗೆ ಒಂದು ಚೀಟಿ ಕಟ್ಟಿರಲಿ. ಯಾವ ಅಳತೆ ಬೇಕಿತ್ತು, ಯಾವುದು ಬಂತು, ಯಾಕೆ ತಪ್ಪಿತು. ಕಪಾಟು ಖಾಲಿ ಇದ್ದರೆ ಅಲ್ಲಿ ಯಾರೂ ಕಲಿಯುತ್ತಿಲ್ಲ ಅಂತ ತಿಳಿಯಿರಿ.

ನಮ್ಮ ಐಟಿಐ ಬ್ಯಾಚಿನಲ್ಲಿ ಒಬ್ಬಳೇ ಹುಡುಗಿ ಇದ್ದಳು, ಗೋಕಾಕ ಕಡೆಯವಳು. ಅವಳು ಗ್ರೈಂಡಿಂಗ್ ಮಾಡಿದ ಜಾಬಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಈಗ ಅವಳೂ ಅಪ್ರೆಂಟಿಸ್. ಸೇರಿದ ದಿನದಿಂದ ಇನ್‌ಸ್ಪೆಕ್ಷನ್ ರೂಮಿನಲ್ಲಿ ರಂಧ್ರದ ಅಳತೆ ನೋಡುವ ಪ್ಲಗ್ ಗೇಜ್ ಹಿಡಿದು ಕುಳಿತಿದ್ದಾಳೆ. ಗೇಜಿನ 'ಗೋ' ತುದಿ ಒಳಗೆ ಹೋಯಿತಾ, 'ನೋ ಗೋ' ತುದಿ ಹೊರಗೇ ನಿಂತಿತಾ, ಅಷ್ಟೇ. ಮಷಿನ್ ಕೇಳಿದರೆ, "ನಿನಗ ಯಾಕವ್ವಾ ಆ ಎಣ್ಣಿ ಕೆಲಸ" ಅಂತಾರಂತೆ. ಅಕ್ಕರೆಯಿಂದಲೇ ಹೇಳುತ್ತಾರಂತೆ. ಆ ಅಕ್ಕರೆಯಿಂದ ಅವಳ ಟ್ರೇಡ್ ಹೋಯಿತು.

ಮಾಲೀಕರೇ, ನಿಮ್ಮಲ್ಲಿ ಅನೇಕರು ಕಿರ್ಲೋಸ್ಕರ್ ರೋಡಿನ ಮೇಲೆ ದಿನಾ ಓಡಾಡುತ್ತೀರಿ. ಕಿರ್ಲೋಸ್ಕರ್ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮ ಕಡೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಅಂತ ರೈತರು ನೇಗಿಲು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು ಅನ್ನುತ್ತಾರೆ. ಎರಡು ವರ್ಷ ಮಾಲು ಮೂಲೆಯಲ್ಲಿ ಬಿದ್ದಿದ್ದರೂ ಆ ಮನುಷ್ಯ ಅಂಗಡಿ ಮುಚ್ಚಲಿಲ್ಲ. 1910ರಲ್ಲಿ ಅವರು ಈ ಊರು ಬಿಟ್ಟು ಕಿರ್ಲೋಸ್ಕರ್‌ವಾಡಿಗೆ ಹೋದದ್ದು ಬೇರೆ ಕಥೆ. ನಾನು ಕೇಳುತ್ತಿರುವುದು ಎರಡು ವರ್ಷ ಅಲ್ಲ. ವಾರಕ್ಕೆ ಅರ್ಧ ದಿನ.

ಮೊದಲ ಮೂರು ತಿಂಗಳು ನಮ್ಮ ಹೆಸರನ್ನು ಟಾರ್ಗೆಟ್ ಬೋರ್ಡಿನಿಂದ ತೆಗೆಯಿರಿ. ಶನಿವಾರ ಮಧ್ಯಾಹ್ನ ಹಳೆ ಲೇತ್ ಬಿಡಿ, ಒಂದು ಗುಡ್ಡೆ ರಿಜೆಕ್ಟ್ ಕಾಸ್ಟಿಂಗ್ ಬಿಡಿ, ಒಬ್ಬ ಕಾಕಾನನ್ನು ಬಿಡಿ. ಆರನೇ ತಿಂಗಳಲ್ಲಿ ಸೆಟ್ಟರ್ ಪಕ್ಕ ನಿಲ್ಲಿಸಿ ಆಫ್‌ಸೆಟ್ ಹಾಕಿಸಿ. ಹಾಕಿದ ಮೇಲೆ ಮೊದಲ ಜಾಬ್ ಅಳೆಯದೆ ಎರಡನೆಯದನ್ನು ಹಾಕಬಾರದು ಅಂತ ನಮ್ಮ ಕೈಗೆ ಅಭ್ಯಾಸ ಮಾಡಿಸಿ. ಇಲಾಖೆಯವರು ಸರ್ಕಾರ ಕೊಡುವ 1,500ರ ಜೊತೆಗೆ ಟೂಲ್‌ಗೆ, ಕಚ್ಚಾ ಮಾಲಿಗೆ ಅಂತ ಏನಾದರೂ ಸೇರಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ಕನಿಷ್ಠ ಮಾಲೀಕರನ್ನು ಒಂದು ಕಡೆ ಕೂಡಿಸಿ ಆ ಶೆಡ್ಡಿನ ಮಾತು ಎತ್ತಿ.

ಆ 24.762ರ ಶಾಫ್ಟ್ ಈಗ ನನ್ನ ಟೂಲ್ ಬಾಕ್ಸಿನಲ್ಲಿದೆ. ಗುಜರಿಗೆ ಹಾಕುವ ಮೊದಲು ಕಾಕಾ ಎತ್ತಿಕೊಟ್ಟರು. ಖಂಡೇನವಮಿಯ ದಿನ ಎಲ್ಲರೂ ಮಷಿನ್ ತೊಳೆದು, ಬಾಳೆಕಂಬ ಕಟ್ಟಿ ಪೂಜೆ ಮಾಡುವಾಗ ನಾನು ಮೈಕ್ರೋಮೀಟರ್ ಪಕ್ಕದಲ್ಲಿ ಅದನ್ನೂ ಇಟ್ಟೆ. ಕಾಕಾ ನೋಡಿ ನಕ್ಕು, ಅದಕ್ಕೂ ಒಂದು ಬೊಟ್ಟು ಕುಂಕುಮ ಹಚ್ಚಿದರು. ಬರುವ ಮಾರ್ಚಿಗೆ ಅವರು ನಿವೃತ್ತರಾಗುತ್ತಾರೆ. ಅವರ ಲೇತ್ ಮಾರುವ ಮಾತು ಈಗಲೇ ನಡೆದಿದೆ. ಆ ಹತ್ತು ಮೆಟ್ಟಿಲಲ್ಲಿ ನನಗೆ ಇಲ್ಲಿಯವರೆಗೆ ಎಂಟು ಬಂದಿವೆ.

ಇಂತಿ,
ಉದ್ಯಮಬಾಗ ಕಡೆಯ ಒಬ್ಬ ಅಪ್ರೆಂಟಿಸ್ ಮಷಿನಿಸ್ಟ್